ಮುಚ್ಚಿದ ಗುಂಡಿಯಲ್ಲಿ ಸಿಕ್ಕ ಮಾತ್ರೆ

ಉಡುಪಿ ಬಳಿಯ ಎಲ್ಲೂರಿನ ಗಿಡಗಳ ನರ್ಸರಿಯ ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದ ದ್ರಾಕ್ಷಾಯಿಣಿಗೆ ಅಲ್ಲಿನ ಪಾಯಿಖಾನೆ ಕಂಡರೆ ಮೊದಮೊದಲು ಹೇಸಿಗೆ. ನೀರು ಸುರಿಯುವಂತಿಲ್ಲ, ಎದ್ದ ಮೇಲೆ ಒಂದು ಬೊಗಸೆ ಮರದ ಹೊಟ್ಟು ಹಾಕಬೇಕು. ಒಂದು ಗುಂಡಿ ತುಂಬಿದರೆ ಅದನ್ನು ಮುಚ್ಚಿ ಪಕ್ಕದ್ದನ್ನು ತೆರೆಯಬೇಕು. ಮುಚ್ಚಿದ್ದು ತನ್ನ ಕಾವಿನಲ್ಲೇ ಬೆಂದು ಗೊಬ್ಬರವಾಗುತ್ತದೆ. ಮಣಿಪಾಲದಲ್ಲಿ ಓದುವ ಶಮ್ನಾ ಆಗಾಗ ಬಂದು ಆ ಗೊಬ್ಬರದ ಮಾದರಿ ಒಯ್ಯುತ್ತಿದ್ದಳು. ಜನ ನುಂಗಿದ ಆ್ಯಂಟಿಬಯಾಟಿಕ್ ಮಾತ್ರೆ ಅದರಲ್ಲಿ ಎಷ್ಟು ಒಡೆದುಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದು ಅವಳ ಸಂಶೋಧನೆ. ಕರಾರು ಒಂದೇ, ಮಾತ್ರೆ ತಿಂದವರು ಅವಳಿಗೆ ಹೇಳಬೇಕು. "ನಾ ಕಲ್ಲು ತಿಂದು ಕರಗಸಾಂವ, ನನಗ್ಯಾಕ ಗುಳಿಗಿ?" ಎಂದು ಗಂಡ ಸಂಗಮೇಶ ಮೀಸೆ ತಿರುವಿದ್ದ.

ಯುಗಾದಿ ಕಳೆದ ಮೇಲೆ ಕಿಬ್ಬೊಟ್ಟೆಯ ನೋವು ತಡೆಯಲಾಗದೆ ದ್ರಾಕ್ಷಾಯಿಣಿ ಉಡುಪಿಯ ಡಾಕ್ಟರಮ್ಮನ ಬಳಿ ಹೋದಳು. ಗಂಡ ಹೆಂಡಿರ ನಡುವೆ ದಾಟುವ ಸೋಂಕು, ಹಳೆಯದು, ಗರ್ಭನಾಳಗಳು ಮುಚ್ಚಿಹೋಗಿವೆ, ಇನ್ನು ಮಕ್ಕಳಾಗುವುದು ಕಷ್ಟ, ಗಂಡನನ್ನೂ ಕರೆತಾ ಎಂದರು ಅವರು. ಸಂಗಮೇಶ ಬರಲಿಲ್ಲ. "ಯಾವನ ಕಡಿಂದ ತಂದಿ ಇದನ್ನ?" ಎಂದ. ತಾ ಕಳ್ಳ ಪರರ ನಂಬ. ಬಾದಾಮಿಯಲ್ಲಿದ್ದ ತಾಯಿಗೂ ಹೆಂಡತಿ ಕೆಟ್ಟವಳೆಂದು ಹೇಳಿಬಿಟ್ಟ. ಅತ್ತೆ ಮಗನಿಗೆ ಬೇರೆ ಹೆಣ್ಣು ನೋಡತೊಡಗಿದಳು. ಮಾಡದ ತಪ್ಪಿಗೆ ದ್ರಾಕ್ಷಾಯಿಣಿ ಗಂಟುಮೂಟೆ ಕಟ್ಟಬೇಕಾಯಿತು.

ಅವಳು ಸೀರೆ ಮಡಚುತ್ತಿದ್ದಾಗಲೇ ಶಮ್ನಾ ಬಂದಳು.

"ಅಕ್ಕ, ಡಾಕ್ಟರ್ ಕೊಟ್ಟ ಮಾತ್ರೆ ತೋರಿಸಿದ್ದಿರಿ ಅಲ್ವಾ? ಅದೇ ಮದ್ದು ಮುಚ್ಚಿದ ಗುಂಡಿಯಲ್ಲಿಯೂ ಉಂಟು. ಹೆಚ್ಚಿನದು ಕಾವಿಗೆ ಒಡೆದುಹೋಗಿದೆ, ಸ್ವಲ್ಪ ಉಳಿದಿದೆ. ನೀವು ಮೊದಲೂ ತಿಂದಿದ್ದಿರಾ?"

"ಇಲ್ರಿ ತಂಗಿ. ಆ ಗುಂಡಿ ಸಂಕ್ರಾಂತಿಗೇ ಮುಚ್ಚೇವಿ."

"ಹಾಗಾದರೆ ಬೇರೆ ಯಾರು ಬಳಸುತ್ತಾರೆ?"

"ನಾವಿಬ್ಬರ," ಎಂದವಳು ಮಡಚುತ್ತಿದ್ದ ಸೀರೆಯನ್ನು ಕೆಳಗಿಟ್ಟಳು.

ಶಮ್ನಾ ತಡವರಿಸಿದಳು. "ಅದನ್ನು ಬೇರೆ ಕಾಯಿಲೆಗೂ ಕೊಡುತ್ತಾರೆ ಅಕ್ಕ."

ಸಂಜೆ ಸೆಂಟ್ರಿಂಗ್ ಕೆಲಸ ಮುಗಿಸಿ ಬಂದ ಗಂಡನೆದುರು ದ್ರಾಕ್ಷಾಯಿಣಿ ನೆಟ್ಟಗೆ ನಿಂತು ಎಲ್ಲವನ್ನೂ ಹೇಳಿದಳು. ಅವನು ನಕ್ಕ. "ಹೇಲು ಬಂದು ಸಾಕ್ಷಿ ಹೇಳತೈತೇನು?"

"ಮನಷ್ಯಾ ಹೇಳದಿದ್ರ ಅದ ಹೇಳಬೇಕಾಗತೈತಿ."

ಅವನ ನಗು ಇಂಗಿತು. ಹೊಸ್ತಿಲ ಮೇಲೆ ಕುಕ್ಕರಿಸಿದ. "ದಸರಾದಾಗ ಒಮ್ಮೆ ತಪ್ಪಿ ನಡದೆ. ಡಾಕ್ಟರು ಗುಳಿಗಿ ಕೊಟ್ರು. ಇಬ್ರೂ ತಗೋರಿ ಅಂದ್ರು."

"ನನ್ನ ಪಾಲಿಂದು?"

"ನಿನಗ ಹೆಂಗ ಹೇಳ್ಲಿ? ಬರೂ ದಾರ್ಯಾಗ ಹಳ್ಳಕ್ಕ ಒಗದೆ."

ದಸರೆಯಿಂದ ಯುಗಾದಿಯವರೆಗೆ ಅವನ ತಟ್ಟೆಗೆ ಅವಳು ರೊಟ್ಟಿ ಬಡಿಸಿದ್ದಳು, ಅವನೂ ಅವಳ ನರಳಾಟ ಕೇಳುತ್ತಲೇ ಉಂಡಿದ್ದ. ಅವಳು ಅವನ ಫೋನನ್ನು ಎತ್ತಿ ಅವನ ಮಡಿಲಿಗೆ ಹಾಕಿದಳು.

"ನಿಮ್ಮವ್ವಗ ಹಚ್ಚು. ನನ್ನ ಕೂಸನ್ನ ಎಲ್ಲಿ ಒಗದು ಬಂದಿ ಅಂತ ನಿನ್ನ ಬಾಯಿಲೆ ಹೇಳು."