ಓದುವವಳಿಗೆ ಚಹಾ

ನನ್ನ ವಾರಗಿತ್ತಿ ಬೆಗಿಮಾಯ್ ಬಿಷ್ಕೆಕ್ ಪೇಟೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ತೆರೆದಳು. ಹೊಟ್ಟೆಕಿಚ್ಚಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಹನ್ನೆರಡು ವರ್ಷದಿಂದ ಕಾರ್ಖಾನೆಯಲ್ಲಿ ಬೇರೆಯವರು ಕತ್ತರಿಸಿಕೊಟ್ಟ ಬಟ್ಟೆಗೆ ಬರೀ ತೋಳು ಕೂಡಿಸುತ್ತಿರುವವಳು ನಾನು. ಒಂದು ಅಂಗಿಯನ್ನಾದರೂ ನಾನೇ ಕತ್ತರಿಸಿ ಹೊಲಿಯಬೇಕೆಂದು ಆಸೆಪಟ್ಟವಳೂ ನಾನೇ. ನಿನ್ನೆ ಮೊನ್ನೆ ಸೂಜಿ ಹಿಡಿದವಳಿಗೆ ಅಂಗಡಿ!

ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಎಲ್ಲಾ ಆ ಪುಸ್ತಕದಿಂದ." ಕೆಂಪು ರಟ್ಟಿನ, ಬದುಕು ಬದಲಿಸುವ ಪುಸ್ತಕವಂತೆ. ಕಳೆದ ಚಳಿಗಾಲವಿಡೀ ಸಂಜೆ ಒಂದು ಗಂಟೆ ನಮ್ಮ ಕೂಡುಮನೆಯ ಒಳಕೋಣೆಯಲ್ಲಿ ಅದನ್ನು ಹಿಡಿದು ಕೂರುತ್ತಿದ್ದಳು. ನಾನೂ ಗುಟ್ಟಾಗಿ ಒಂದು ಕೊಂಡೆ. ಮೂರು ಸಲ ಓದಿದೆ. ಅದು ಹೇಳಿದಂತೆ ಕನ್ನಡಿ ಮುಂದೆ ನಿಂತು "ನಾನು ಗೆಲ್ಲುತ್ತೇನೆ" ಅಂದೆ.

"ಯಾರ ಜೊತೆ ಜಗಳ ಕಣೇ?" ಎಂದ ನನ್ನ ಗಂಡ.

ಓದಿದ ದಿನ ಮೈಯೆಲ್ಲ ಹುರುಪು. ಮರುದಿನ ಮತ್ತದೇ ತೋಳು. ಪುಸ್ತಕ ಸುಳ್ಳೋ, ನಾನೇ ದಡ್ಡಿಯೋ ತಿಳಿಯದೆ ಉರಿದೆ.

ಕಡೆಗೆ ಅಂಗಡಿ ನೋಡಲು ಹೋದೆ. ಹೊಸದನ್ನು ಬರಿಗೈಯಲ್ಲಿ ನೋಡಬಾರದಲ್ಲ, ಉಡುಗೊರೆಗೆ ಒಂದು ತಲೆವಸ್ತ್ರ ಒಯ್ದೆ, ಇದ್ದುದರಲ್ಲಿ ಅಗ್ಗದ್ದು. ಅವಳ ಪುಸ್ತಕ ಹೊಲಿಗೆ ಮಷೀನಿನ ಕುಂಟು ಕಾಲಿನಡಿ ಇತ್ತು.

"ಏನೇ ಇದು? ಬದುಕು ಬದಲಿಸಿದ್ದನ್ನ ಕಾಲಡಿ ಹಾಕಿದೀಯ?"

ಬೆಗಿಮಾಯ್ ನಕ್ಕಳು. "ಏಜೆ, ಅಕ್ಕನ ಹಾಗಿರೋ ನಿಮ್ಮ ಹತ್ರ ಯಾಕೆ ಮುಚ್ಚಿಡ್ಲಿ? ಹತ್ತು ಪುಟ ಓದೋಷ್ಟರಲ್ಲಿ ನಿದ್ದೆ ಬಂತು. ಆದ್ರೆ ಪುಸ್ತಕ ಹಿಡ್ಕೊಂಡಿದ್ರೆ ಅತ್ತೆ ಕರೀತಿರ್ಲಿಲ್ಲ ನೋಡಿ. ಅದರ ಮರೇಲಿ ಹಳೇ ಪೇಪರ್ ಮೇಲೆ ಅಂಗಿ ಬರೆದು ಬರೆದು ಕತ್ತರಿಸೋದು ಕಲಿತೆ."

ನಮ್ಮತ್ತೆ ನಿವೃತ್ತ ಟೀಚರು. ಓದುವವರನ್ನು ಎಬ್ಬಿಸುವುದು ಅವರಿಗೆ ಪಾಪ. ಇಲ್ಲದಿದ್ದರೆ ಚಹಾ ಬಗ್ಗಿಸುವುದು ಕಿರಿಸೊಸೆಯ ಕೆಲಸ. ಅದೂ ಅರ್ಧರ್ಧ ಬಟ್ಟಲು. ತುಂಬಿಸಿಕೊಟ್ಟರೆ ಕುಡಿದು ಹೊರಡಿ ಎಂದಂತೆ. ಹಾಗಾಗಿ ಮತ್ತೆ ಮತ್ತೆ ಬಗ್ಗಿಸುತ್ತ ಕೂರುವವಳು ಬೇರೆ ಕೆಲಸ ಮರೆತಂತೆಯೇ.

"ಮತ್ತೆ ಆ ಒಂದ್ ಗಂಟೆ ಚಹಾ ಯಾರು ಬಗ್ಗಿಸ್ತಿದ್ರು?"

ಅವಳ ಮುಖ ಕೆಂಪಾಯಿತು. "ನೀವೇ ಅಲ್ವಾ, ಏಜೆ."

"ಕಳ್ಳಿ!" ಎಂದೆ. ನಗುತ್ತಲೇ ಅಂದೆ, ಆದರೆ ಮನಸಾರೆ ಅಂದೆ.

ಮರುದಿನ ಸಂಜೆ ಬೆಗಿಮಾಯ್ ಇನ್ನೂ ಅಂಗಡಿಯಲ್ಲಿದ್ದಳು. ಈಗ ಅವಳು ಮನೆಗೆ ಬರುವುದು ಊಟದ ಹೊತ್ತಿಗೇ. ನಾನು ಒಳಕೋಣೆಯಲ್ಲಿ ಪುಸ್ತಕ ತೆರೆದಿಟ್ಟು, ಅದರ ಹಿಂದೆ ಪೇಪರ್ ಹರಡಿದೆ. ಅತ್ತೆ ಇಣುಕಿ ನೋಡಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಹೋದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅಂಗಿಯ ಬೆನ್ನಿನ ಗೆರೆ ಎಳೆಯುವಷ್ಟರಲ್ಲಿ ಪಕ್ಕದ ಮನೆಯ ಮುದುಕಿಯರು ಬಂದರು.

"ಸೊಸೆ ಎಲ್ಲಿ?" ಎಂದಳೊಬ್ಬಳು.

"ಓದ್ತಾ ಇದಾಳೆ. ಓದ್ಲಿ ಬಿಡಿ, ಚಹಾ ನಾನೇ ತರ್ತೀನಿ," ಎಂದರು ಅತ್ತೆ. ಮೊಣಕಾಲು ನೋವಿಗೆ ನರಳುತ್ತ ಎದ್ದದ್ದು ಕೇಳಿಸಿತು. ಆಮೇಲೆ ಗೋಡೆಗೆ ಕೈಯೂರಿಕೊಂಡು ಒಂದೊಂದೇ ಹೆಜ್ಜೆ.

ಪೆನ್ಸಿಲ್ ಇಟ್ಟು ನಾನೂ ಎದ್ದೆ.

ಮುದುಕಿಯರಿಗೆ ಚಹಾ ಬಗ್ಗಿಸುತ್ತ ಕುಳಿತಾಗ ಬೆಗಿಮಾಯ್ ಮೇಲೆ ಹೊಟ್ಟೆ ಉರಿದಷ್ಟು ಹಿಂದೆಂದೂ ಉರಿದಿರಲಿಲ್ಲ. ಅವಳ ಅಂಗಡಿಯ ಮಾತು ಹಾಳಾಗಲಿ. ಅವಳು ಓದುವಾಗ ಅವಳಿಗೆ ನಾನಿದ್ದೆ.