ಕೊನೆಯ ರೀಲಿಗೆ ಮುಂಚೆ ಎದ್ದವರು

ಮಾಘಮಾಸದ ಸಂಜೆ, ರಿಪ್ಪನ್‌ಪೇಟೆಯ ಹೊರಬದಿಯ ಕೊಯ್ದ ಗದ್ದೆಗಳ ಮೇಲೆ ಅಸ್ತಮಾನದ ಹೊಂಬಣ್ಣ ಹರಡಿ, ಕೂಳೆಯ ಒಂದೊಂದು ಬುಡವೂ ಹಚ್ಚಿಟ್ಟ ಹಣತೆಯಂತೆ ಮಿನುಗಿ, ಸಾಗರದ ಕಡೆಯಿಂದ ಬಂದ ಬಸ್ಸು ಎಬ್ಬಿಸಿದ ಕೆಂಧೂಳಿ ಆ ಬೆಳಕಿನಲ್ಲಿ ಬಹಳ ಹೊತ್ತು ನಿಂತು, ಇಳಿಯಲೋ ಬೇಡವೋ ಎಂದು ಅನುಮಾನಿಸಿ, ಕಡೆಗೆ ಬೇಲಿಯ ಎಲೆಗಳ ಮೇಲೆ ಮೆಲ್ಲಗೆ ಕೂರುತ್ತಿತ್ತು. ಚಳಿ ಪೂರಾ ಬಿಟ್ಟಿರಲಿಲ್ಲ. ಬೇಸಿಗೆ ಪೂರಾ ಬಂದಿರಲಿಲ್ಲ. ಸಹೃದಯನಾದ ಓದುಗನೇ, ವರ್ಷದಲ್ಲಿ ಹಾಗೊಂದು ಕಾಲವುಂಟು... ಕಳೆದದ್ದು ಕಳೆಯಿತೆಂದು ಒಪ್ಪಲಾರದೆ, ಬರುವುದು ಬಂತೆಂದು ನಂಬಲಾರದೆ, ಪ್ರಕೃತಿಯೇ ಹೊಸ್ತಿಲ ಮೇಲೆ ನಿಂತುಬಿಡುವ ಕಾಲ! ವಿರಹಿಗಳ ಪಾಲಿಗೆ ಅದಕ್ಕಿಂತ ಕ್ರೂರವಾದ ಋತು ಇನ್ನೊಂದಿಲ್ಲ. ಆ ಗದ್ದೆಗಳ ನಡುವೆಯೇ ಆ ವರ್ಷ ಟೂರಿಂಗ್ ಟಾಕೀಸಿನ ಡೇರೆ ಎದ್ದಿತ್ತು.

ಬಂದಿದ್ದು ಯುದ್ಧದ ಚಿತ್ರ. ಎರಡು ವರ್ಷದ ಕೆಳಗೆ ಉತ್ತರದ ಹಿಮಾವೃತ ಗಡಿಯಲ್ಲಿ ಚೀನೀಯರೊಡನೆ ನಿಜವಾಗಿ ನಡೆದ ಕದನವನ್ನೇ ಕಥೆಯಾಗಿಸಿದ್ದಾರೆಂದು, ಎತ್ತಿನ ಗಾಡಿಗೆ ಧ್ವನಿವರ್ಧಕ ಕಟ್ಟಿಕೊಂಡು ಹೊಸನಗರದ ದಾರಿಯುದ್ದಕ್ಕೂ ಸಾರಿಸಿದ್ದರು. ಭಾಷೆ ಹಿಂದಿ. ಊರಿನಲ್ಲಿ ಹಿಂದಿ ಬಲ್ಲವರು ಯಾರೂ ಇರಲಿಲ್ಲ. ಬಲ್ಲೆನೆಂದು ಮುಂದೆ ಬಂದ ಮೇಷ್ಟರ ಹಿಂದಿ ಇಂಟರ್‌ವೆಲ್ಲಿನವರೆಗೂ ಬಾಳಲಿಲ್ಲ. ಆದರೂ ಜನ ಕಿಕ್ಕಿರಿದರು. ಗುಂಡಿನ ಸದ್ದಿಗೆ ಮರಳಿನ ಮೇಲೆ ಕೂತ ಹೆಂಗಸರು ಮಕ್ಕಳನ್ನು ಮಡಿಲೊಳಗೆ ಎಳೆದುಕೊಂಡರು. ಜುಗ್ಗನೆಂದೇ ಹೆಸರಾದ ಅಡಿಕೆ ಮಂಡಿಯ ಶೇಷಪ್ಪ ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತ. ಹೆಂಡ ಏರಿಸಿಕೊಂಡು ಬಂದಿದ್ದ ಯಾರೋ ಒಬ್ಬ ಶತ್ರುಸೈನ್ಯದ ಮೇಲೆ ಕಲ್ಲು ಬೀರಿ ಪರದೆ ಹರಿದ. ಡೇರೆಯವರು ಅದನ್ನು ಹೊಲಿದರು. ಅಂದಿನಿಂದ ಹಿಮಾಲಯದ ನಿರ್ಮಲ ಆಕಾಶದಲ್ಲಿ ಒಂದು ಹೊಲಿಗೆ ಕಾಣುತ್ತಿತ್ತು, ಯಾರೂ ಅದಕ್ಕೆ ನಗುತ್ತಿರಲಿಲ್ಲ.

ಆ ಜನಜಂಗುಳಿಯಲ್ಲಿ ಪ್ರತಿ ಸಂಜೆಯೂ ಬಂದು ಹೆಂಗಸರ ಪಾಲಿನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಅತ್ತೆ ಸೊಸೆಯರಿಬ್ಬರನ್ನು ನಿನಗೆ ತೋರಿಸಬೇಕಾಗಿದೆ. ಅತ್ತೆ ಹುಲಿಯಮ್ಮ, ಸೊಸೆ ಗುತ್ಯಮ್ಮ. ಹುಲಿಯಮ್ಮನ ಮಗ, ಗುತ್ಯಮ್ಮನ ಗಂಡ ಜಯಪ್ಪ, ಆ ಯುದ್ಧಕ್ಕೆ ಹೋದವನು ಹಿಂದಿರುಗಿರಲಿಲ್ಲ. ಸತ್ತನೆಂದು ಸರ್ಕಾರ ಹೇಳಿರಲಿಲ್ಲ, ಬದುಕಿದ್ದಾನೆಂದೂ ಹೇಳಿರಲಿಲ್ಲ. ಕಾಣೆಯಾಗಿದ್ದಾನೆ ಎಂದಿತ್ತು, ಅಷ್ಟೆ.

ಕಾಣೆ! ಆ ಎರಡಕ್ಷರದ ಕತ್ತಲೆಯೊಳಗೆ ಒಬ್ಬ ತರುಣಿ ಎಷ್ಟು ಕಾಲ ಕೂರಬಲ್ಲಳು? ಸಾವನ್ನು ಕಣ್ಣಾರೆ ಕಂಡವರೊಬ್ಬರು ಬಂದು ಹೇಳದ ಹೊರತು ದಿನಕರ್ಮ ಮಾಡುವಂತಿಲ್ಲ, ಹೆಂಡತಿಯ ಬಳೆ ತೆಗೆಸುವಂತಿಲ್ಲ ಎನ್ನುವುದು ಆ ಮನೆತನದ ಹಳೆಯ ನಡೆ. ಜಯಪ್ಪನ ದೊಡ್ಡಪ್ಪ ಸೀತಾರಾಮಪ್ಪ ಕೆಟ್ಟವನೇನಲ್ಲ. ಹುಡುಗಿಯ ಬಾಳು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವಂತಾಯಿತಲ್ಲ, ನಡೆಯನ್ನು ಮುರಿದಾದರೂ ಕರ್ಮ ಮುಗಿಸಿ ಅವಳಿಗೆ ಬೇರೆ ಸೀರೆ ಉಡಿಸಿ ಮರುಮದುವೆ ಮಾಡೋಣ ಎಂದು ಎರಡು ಸಲ ಕೇಳಿನೋಡಿದ್ದ. ಗುತ್ಯಮ್ಮ ಎರಡು ಸಲವೂ ಎದ್ದು ಒಳಗೆ ಹೋಗಿದ್ದಳು. ಅವಳ ಕೈತುಂಬ ಹಸಿರು ಬಳೆಗಳಿದ್ದವು, ಮತ್ತು ಅವಳಿಗೆ ಜಯಪ್ಪನೇ ಬೇಕಾಗಿದ್ದ.

ಏಕೆ ಬೇಕಾಗಿರಬಾರದು? ಮದುವೆಯಾದ ಹೊಸದರಲ್ಲಿ ಅವಳು ಮನೆಯ ಗೋಡೆಗೆ ಚಿತ್ತಾರ ಬರೆಯುವಾಗ, ಕೆಮ್ಮಣ್ಣು ಕಲಸಿದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದವನು ಅವನು. ಗಂಡಸಿಗೇನು ಇಲ್ಲಿ ಕೆಲಸ ಎಂದು ಊರ ಹೆಂಗಸರು ಛೇಡಿಸಿದರೆ, ಬಟ್ಟಲಿಗೆ ಕಾಲಿಲ್ಲವಲ್ಲ ಎಂದು ನಗುತ್ತಿದ್ದ. ಅವಳು ಎಳೆಯುವ ಗೆರೆ ಒಂದಿಷ್ಟು ಓರೆಯಾದರೆ ಉಸಿರು ಬಿಗಿಹಿಡಿಯುತ್ತಿದ್ದವನು ಅವನೇ... ಶರಾವತಿಗೆ ಕಟ್ಟೆ ಕಟ್ಟುವಲ್ಲಿ ಮಣ್ಣು ಹೊತ್ತು, ಆಮೇಲೆ ಶಿವಮೊಗ್ಗೆಗೆ ಹೋಗಿ ಸೈನ್ಯಕ್ಕೆ ಸೇರಿದ. ಅವನು ಹೋದ ಮೇಲೆ ಕಟ್ಟೆ ಮುಗಿಯಿತು, ನೀರು ಏರಿತು. ಆ ಮನೆ, ಆ ಗೋಡೆ, ಆ ಚಿತ್ತಾರ, ಆ ಮುಗುಳುನಗೆಗಳು ಸುಳಿದಾಡಿದ ಜಗಲಿ ಎಲ್ಲವೂ ಮುಳುಗಿದವು. ಅತ್ತೆ ಸೊಸೆ ಗಂಟುಮೂಟೆ ಕಟ್ಟಿಕೊಂಡು ಊರಿನ ಇತರರೊಡನೆ ರಿಪ್ಪನ್‌ಪೇಟೆಯ ಹತ್ತಿರ ಬಂದು ನೆಲೆಸಿದರು. ಹುಲಿಯಮ್ಮನ ದುಃಖಕ್ಕೆ ಅಂದಿನಿಂದ ಇನ್ನೊಂದು ಮುಖ ಹುಟ್ಟಿತು: ಮಗನಿಗೆ ಈ ಹೊಸ ಮನೆಯ ದಾರಿ ಗೊತ್ತಿಲ್ಲ.

ಈಗ ನೀನು ಕೇಳಬಹುದು, ಸಿನಿಮಾಕ್ಕೂ ಜಯಪ್ಪನಿಗೂ ಏನು ಸಂಬಂಧ ಎಂದು. ನಗಬೇಡ, ಹೇಳುತ್ತೇನೆ. ಆ ತಾಯಿ ಅದುವರೆಗೆ ತನ್ನ ಬದುಕಿನಲ್ಲಿ ನೋಡಿದ್ದುದು ಒಂದೇ ಚಿತ್ರ. ಕಟ್ಟೆಯ ಕೆಲಸ ಹೇಗೆ ನಡೆದಿದೆಯೆಂದು ತೋರಿಸಲು ಸರ್ಕಾರದ ವ್ಯಾನು ಹಳೆಯ ಊರಿಗೆ ತಂದಿದ್ದ ಚಿತ್ರ. ಅದರಲ್ಲಿ ಜಯಪ್ಪನೇ ಇದ್ದ! ತಲೆಯ ಮೇಲೆ ಮಣ್ಣಿನ ಬುಟ್ಟಿ, ಮುಖದ ಮೇಲೆ ನಗು. ಅವನು ಆಗಲೇ ಸೈನ್ಯಕ್ಕೆ ಹೋಗಿಯಾಗಿತ್ತು, ಆದರೂ ಬಿಳಿ ಬಟ್ಟೆಯ ಮೇಲೆ ತಾಯಿಯ ಕಡೆ ನೋಡುತ್ತ ನಡೆದುಹೋದ. ಕಟ್ಟೆಯ ಚಿತ್ರದಲ್ಲಿ ಕಟ್ಟೆಗೆ ಹೋದ ಮಗ ಕಂಡ ಮೇಲೆ, ಯುದ್ಧದ ಚಿತ್ರದಲ್ಲಿ ಯುದ್ಧಕ್ಕೆ ಹೋದ ಮಗ ಕಾಣದಿರುತ್ತಾನೆಯೇ?

ಕಂಡೇ ಕಂಡ. ಮೊದಲ ದಿನ, ಇಂಟರ್‌ವೆಲ್ ಕಳೆದು, ಹಿಮದ ಕಣಿವೆಯಲ್ಲಿ ದಾರಿ ತಪ್ಪಿದ ಸೈನಿಕರ ಸಾಲು ನಡೆಯುತ್ತಿರುವಾಗ, ಕಟ್ಟಕಡೆಗೆ ಕಿವಿಗೆ ಬಟ್ಟೆ ಸುತ್ತಿಕೊಂಡು ತುಸು ಬಲಕ್ಕೆ ವಾಲಿ ನಡೆಯುವ ಒಬ್ಬ ಯುವಕ ಕಾಣಿಸಿದ. ಹುಲಿಯಮ್ಮ ಎದ್ದು ನಿಂತಳು. ಪರದೆಯ ಹಿಮ ಅವಳ ನರೆಗೂದಲ ಮೇಲೆ ಬಿದ್ದಂತೆ ಆ ಬೆಳಕು ಅವಳ ತಲೆಯ ಮೇಲೆ ಸುರಿಯಿತು. ತುಂಬಿದ ಡೇರೆಯಲ್ಲಿ ಅವಳು ಗಟ್ಟಿಯಾಗಿ ಕೂಗಿ ಹೇಳಿದಳು:

"ಜಯಾ, ಹಳೇ ಮನಿಗೆ ಹೋಗ್ಬ್ಯಾಡ ಮಗಾ. ಅಲ್ಲಿ ನೀರು ನಿಂತೈತೆ. ರಿಪ್ಪನ್‌ಪೇಟೇಲಿ ಇಳ್ಕ. ಹುಲಿಯಮ್ಮನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ."

ನಗಲು ಬಾಯಿ ತೆರೆದವರು ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡರು. ಕೆಲಹೊತ್ತಿನ ಮೇಲೆ ಗಂಡಸರ ಕಡೆಯಿಂದ ಯಾರೋ, "ಕೇಳಿಸ್ತಂತೆ ಅಜ್ಜಿ, ಕೂತ್ಕಳಿ," ಎಂದರು.

ಆಗ ಗೇಟಿನ ಪುಟ್ಟಪ್ಪ ಬಾಗಿಕೊಂಡು ಬಂದು ಗುತ್ಯಮ್ಮನ ಕಿವಿಯಲ್ಲಿ, ಅಜ್ಜಿಯನ್ನು ಈಗಲೇ ಕರೆದುಕೊಂಡು ಹೊರಡು, ಕಡೆಯ ರೀಲು ನಿಮಗೆ ಬೇಡ ಎಂದ. ಅವಳು ಏಕೆಂದು ಕೇಳಲಿಲ್ಲ. ಬಯಲಿಗೆ ಬಂದ ಮೇಲೆ, ಅವರೆಲ್ಲ ವೇಷ ಹಾಕಿದ ನಟರು, ನಿನ್ನ ಗಂಡನಲ್ಲ ಎಂದೂ ಪುಟ್ಟಪ್ಪ ಸಮಾಧಾನ ಹೇಳಿದ; ಆದರೆ ಕಥೆ ಮಾತ್ರ ನಿಜವೇ ಎಂದ. ಆ ಸಮಾಧಾನ ಅವಳ ಎದೆಗೆ ಈಟಿಯಾಯಿತು. ವೇಷ ಯಾರದಾದರೇನು? ಕಥೆ ನಿಜವಾದರೆ, ಆ ಕಡೆಯ ರೀಲಿನಲ್ಲಿ ಆ ಹುಡುಗರಿಗೆ ಏನಾಯಿತೋ ಜಯಪ್ಪನಿಗೂ ಅದೇ ಆಗಿರಬೇಕು. ಅದನ್ನು ನೋಡಿದವಳು ಕಣ್ಣಾರೆ ಕಂಡವಳಾಗುತ್ತಾಳೆ. ನೋಡದಿದ್ದರೆ... ನೋಡದಿದ್ದರೆ ಅವನು ಇನ್ನೂ ನಡೆಯುತ್ತಲೇ ಇದ್ದಾನೆ!

ಹೀಗೆ ದಿನದಿನವೂ ಅತ್ತೆ ಸೊಸೆ ಬಂದರು, ಆ ಯುವಕ ಕಾಣುವವರೆಗೆ ಕೂತರು, ಹುಲಿಯಮ್ಮ ದಾರಿ ಹೇಳಿದಳು, ಕಡೆಯ ರೀಲಿಗೆ ಮುಂಚೆ ಎದ್ದು ಹೊರಗಿನ ಹಲಸಿನ ಮರದ ಕೆಳಗೆ ಕೂತುಕೊಂಡರು. ಚಿತ್ರ ಮುಗಿದು ಜನ ಹೊರಬೀಳುವಾಗ ಮುದುಕಿ ಒಬ್ಬೊಬ್ಬರನ್ನೂ ತಡೆದು ಮುಂದೇನಾಯಿತೆಂದು ಕೇಳುತ್ತಿದ್ದಳು. ಮೊದಲು ಸಿಕ್ಕಿಬಿದ್ದವನು ಶೇಷಪ್ಪ. ಅತ್ತು ಕೆಂಪಾದ ಕಣ್ಣನ್ನು ಶಲ್ಯದಿಂದ ಒತ್ತಿಕೊಂಡು ಅವನೆಂದ:

"ಎಲ್ರೂ ಲಾರಿ ಹತ್ತಿದ್ರು, ಹುಲಿಯಮ್ಮ."

ಯಾವ ವ್ಯಾಪಾರದಲ್ಲೂ ಕಾಸು ಬಿಡದ ಮನುಷ್ಯ ಅಂದು ಎಂಥ ದಾನ ಮಾಡಿದ! ಮಾತು ಊರಿಗೆಲ್ಲ ಹಬ್ಬಿತು. ಒಳಗೆ ಬಿಕ್ಕಿ ಬಿಕ್ಕಿ ಅತ್ತವರು ಬಾಗಿಲಲ್ಲಿ ನಿಂತು ಮುಖ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಆಮೇಲೆ ಹಲಸಿನ ಮರದ ಕಡೆ ನಡೆಯುವುದು ರೂಢಿಯಾಯಿತು. ಸುಳ್ಳಿಗೆ ಕೈಕಾಲು ಬಂತು. ಲಾರಿಯಲ್ಲಿ ಕಂಬಳಿ ಕೊಟ್ಟರೆಂದು ಒಬ್ಬಳು, ಬಿಸಿ ಚಾ ಕೊಟ್ಟರೆಂದು ಇನ್ನೊಬ್ಬಳು, ರಜೆ ಮಂಜೂರಾಯಿತೆಂದು ತೀರ್ಥಹಳ್ಳಿಯಿಂದ ಚಿತ್ರ ನೋಡಲೆಂದೇ ಬಂದಿದ್ದ ಗುಮಾಸ್ತನೊಬ್ಬ. ಹುಲಿಯಮ್ಮ ಎಲ್ಲರ ಮುಖವನ್ನೂ ನೋಡುತ್ತ ತಲೆಯಾಡಿಸುತ್ತಿದ್ದಳು. ಪಕ್ಕದಲ್ಲಿ ಕೂತ ಗುತ್ಯಮ್ಮನಿಗೆ ಇದು ಸುಳ್ಳೆಂದು ಗೊತ್ತಿತ್ತು. ಆದರೂ ದಿನವೂ ಕೇಳಿ ಕೇಳಿ, ಮನೆಗೆ ನಡೆಯುವ ದಾರಿಯಲ್ಲಿ, ಲಾರಿಯ ಹಿಂಬದಿಯಲ್ಲಿ ಕಂಬಳಿ ಹೊದ್ದು ಕೂತವನನ್ನು ಅವಳೂ ಕಾಣತೊಡಗಿದಳು, ಮತ್ತು ಒಂದು ಮುಂಜಾನೆ ಏಕೆಂದು ಅರಿಯದೆಯೇ ಹೊಸ ಮನೆಯ ಗೋಡೆಗೆ ಕೆಮ್ಮಣ್ಣು ಬಳಿಯಲು ಶುರುಮಾಡಿದಳು. ಹುಲಿಯಮ್ಮ ಅದನ್ನು ನೋಡಿದಳು.

ಡೇರೆ ಕೀಳುವ ಹಿಂದಿನ ಸಂಜೆ ಬಂತು. ಎಂದಿನಂತೆ ಕಣಿವೆ, ಎಂದಿನಂತೆ ಹಿಮ, ಎಂದಿನಂತೆ ಆ ವಾಲು ನಡಿಗೆ. ಆದರೆ ಅಂದು ಹುಲಿಯಮ್ಮ ಕೂಗಲಿಲ್ಲ. ಸೊಸೆ ಎದ್ದಾಗ ಅವಳ ಭುಜ ಒತ್ತಿ ಕೂರಿಸಿದಳು.

"ನಾನು ಹೊರಗಿರ್ತೀನಿ. ನೀನು ಪೂರಾ ನೋಡ್ಕಂಡು ಬಾ."

"ಬ್ಯಾಡ ಅತ್ತೆ."

"ಮನೆಯೋರು ಒಬ್ರಾದ್ರೂ ನೋಡ್ಬೇಕು ಮಗಾ."

ಅಯ್ಯೋ, ಆ ಕಡೆಯ ರೀಲು! ಮದ್ದುಗುಂಡು ಮುಗಿದು, ಮಾತು ಮುಗಿದು, ಧವಳಗಿರಿಗಳ ನಿರ್ದಯ ಮೌನದಲ್ಲಿ ಹುಡುಗರು ಒಬ್ಬೊಬ್ಬರಾಗಿ ಒರಗಿದರು. ಆ ಯುವಕ ಕಡೆಯವನು. ಬಿದ್ದವನು ಮತ್ತೆ ಮೊಣಕೈ ಊರಿ ಎದ್ದ, ದಾರಿ ಕಂಡವನಂತೆ ಒಂದು ದಿಕ್ಕಿಗೆ ಕೈ ಚಾಚಿದ, ಆ ಕೈ ಚಾಚಿದಂತೆಯೇ ಉಳಿಯಿತು. ಅದರ ಮೇಲೆ ಹಿಮ ಬಿತ್ತು... ಮೆಲ್ಲಗೆ, ಏನೂ ಅವಸರವಿಲ್ಲದೆ, ಬೆರಳುಗಳು ಮುಚ್ಚುವ ತನಕ ಬಿತ್ತು. ಅಂದು ಡೇರೆಯಲ್ಲಿ ಪರದೆ ನೋಡಿದವರು ಕಡಿಮೆ. ಎಲ್ಲರೂ ಮುಂದಿನ ಸಾಲಿನ ಆ ಹೆಣ್ಣುಮಗಳ ಬೆನ್ನನ್ನು ನೋಡುತ್ತಿದ್ದರು. ಅವಳು ಅಳಲಿಲ್ಲ, ಅಲುಗಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡಳು, ದೀಪ ಹತ್ತಿದ ಮೇಲೂ ಬಿಡಲಿಲ್ಲ.

ಹೊರಗೆ ಬೆಳದಿಂಗಳು. ಹುಲಿಯಮ್ಮ ಅಂದು ಯಾರನ್ನೂ ತಡೆಯಲಿಲ್ಲ, ಜನ ತಲೆತಗ್ಗಿಸಿಕೊಂಡು ಬೇರೆ ದಾರಿಯಿಂದ ಹೋದರು. ಗುತ್ಯಮ್ಮ ಬಂದು ಮುಂದೆ ನಿಂತಳು.

"ಎಂತ ಆತು?"

"ಎಲ್ರೂ ಲಾರಿ ಹತ್ತಿದ್ರು ಅತ್ತೆ."

ಹುಲಿಯಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೆದರಿದ ಮುಂಗುರುಳನ್ನು ಹಿಂದಕ್ಕೆ ಸರಿಸಿದಳು.

"ಮಕ್ಳು ಮನೆಗೆ ಬಂದದ್ದು ನೋಡಿದ್ ಜನ ಹಿಂಗೆ ಬರಾದಿಲ್ಲ ಮಗಾ. ಮೊದಲ್ನೇ ದಿನಾನೇ ನಂಗೆ ಗೊತ್ತಾಗಿತ್ತು."

ಗೊತ್ತಿದ್ದೂ ದಿನವೂ ಏಕೆ ಬಂದೆ, ಏಕೆ ಕೂಗಿದೆ ಎಂಬಂತೆ ಗುತ್ಯಮ್ಮ ಅವಳ ಮುಖ ನೋಡಿದಳು. ಕೇಳಿದಳೆಂದೇ ಭಾವಿಸಿ ಮುದುಕಿ ಉತ್ತರ ಕೊಟ್ಟಳು.

"ಅಷ್ಟೊತ್ತನಕ ನಡೀತಿದ್ನಲ್ಲ."

ಆಮೇಲೆ, ನಾನು ಮುದುಕಿ, ಹೀಗೆಯೇ ನಂಬಿಕೊಂಡು ಕಣ್ಣು ಮುಚ್ಚುತ್ತಿದ್ದೆ; ನೀನು ಗೋಡೆಗೆ ಬಣ್ಣ ಬಳಿಯುವುದು ಕಂಡು, ನೀನೂ ಹೀಗೆಯೇ ಕಾಯುತ್ತ ಉಳಿದುಬಿಡುತ್ತೀಯೆಂದು ಹೆದರಿಕೆಯಾಯಿತು ಎಂದಳು. ಆಗ ಗುತ್ಯಮ್ಮನೊಳಗಿನ ಹಿಮ ಒಡೆಯಿತು. ಅತ್ತೆಯ ಮಡಿಲಿಗೆ ಬಿದ್ದು ಅತ್ತಳು, ಎರಡು ವರ್ಷದ ಅಳುವನ್ನೆಲ್ಲ ಅತ್ತಳು. ಅಳು ನಿಂತ ಮೇಲೆ, ಸೀತಾರಾಮಪ್ಪನ ಎದುರು ನಾಳೆ ಆಡಬೇಕಾದ ಮಾತನ್ನು ಅಲ್ಲಿಯೇ, ಆ ಬೆಳದಿಂಗಳ ಎದುರಿಗೇ ಆಡಿದಳು.

"ಕಂಡೆ ಅತ್ತೆ. ನಾನೇ ಕಣ್ಣಾರೆ ಕಂಡೆ."

ಓದುಗ ಮಿತ್ರನೇ, ಅವಳು ಕಂಡದ್ದು ಯಾರೋ ನಟನನ್ನು, ಯಾವುದೋ ಬಟ್ಟೆಯ ಮೇಲೆ. ನ್ಯಾಯಾಲಯದಲ್ಲಿ ಆ ಸಾಕ್ಷಿ ನಿಲ್ಲದು. ಆದರೆ ನನಗೆ ತಿಳಿದಂತೆ ಪ್ರೀತಿಯ ದರ್ಬಾರಿನಲ್ಲಿ ಅದಕ್ಕಿಂತ ನಿಜವಾದ ಸಾಕ್ಷಿ ಯಾರೂ ನುಡಿದಿಲ್ಲ. ಸಾವನ್ನು ತಿಳಿಯುವುದಕ್ಕೂ ಒಪ್ಪುವುದಕ್ಕೂ ನಡುವೆ ಒಂದಿಷ್ಟು ದೂರವಿದೆ. ಆ ದೂರವನ್ನು ಮನುಷ್ಯರು ಒಬ್ಬರನ್ನೊಬ್ಬರು ಮೋಸಗೊಳಿಸುತ್ತ, ಒಬ್ಬರಿಗೊಬ್ಬರು ಮೋಸಹೋದಂತೆ ನಟಿಸುತ್ತ, ಕೈಹಿಡಿದು ದಾಟುತ್ತಾರೆ. ಒಂದು ಊರಿಗೆ ಊರೇ ಒಬ್ಬ ತಾಯಿಗಾಗಿ ಸುಳ್ಳು ಹೇಳಿತು. ಆ ತಾಯಿ ಊರಿಗೆ ನೋವಾಗದಿರಲೆಂದು ಅದನ್ನು ನಂಬಿದಂತಿದ್ದಳು. ಯುದ್ಧಗಳು ಗೆದ್ದವರ ಮತ್ತು ಸೋತವರ ಲೆಕ್ಕ ಇಡುತ್ತವೆ. ಇಂಥ ಕರುಣೆಯ ಲೆಕ್ಕ ಇಡುವವರು ಯಾರೂ ಇಲ್ಲ, ಆದ್ದರಿಂದಲೇ ಅದು ಎಂದೂ ತೀರುವುದೂ ಇಲ್ಲ.