ಹನ್ನೊಂದು ವರ್ಷದ ಮಳೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಗಂಡ ತವನಪ್ಪ ನಮ್ಮೂರು ಬೇಡಕಿಹಾಳಕ್ಕೆಲ್ಲ ಹೇಳಿಕೊಂಡು ಬಂದಿದ್ದಾನೆ. ಇರಲಿ. ಆದರೆ ಆವತ್ತಿನ ಊರ ಸಭೆಯಲ್ಲಿ ಮೊದಲ ಅರ್ಧ ಗಂಟೆ ನಾನು ಬಾಯಿ ಬಿಡಲಿಲ್ಲ.

ವಿಷಯ ಇಷ್ಟೇ. ಆರು ವರ್ಷದ ಹಿಂದೆ ದೂಧಗಂಗೆ ಹೊಳೆಯ ಮಹಾಪೂರದಲ್ಲಿ ಮನೆ ಕಳೆದುಕೊಂಡ ನಲವತ್ತು ಕುಟುಂಬಗಳಿಗೆ ಹಳ್ಳದ ಪಕ್ಕದ ತಗ್ಗಿನಲ್ಲಿ ಹೊಸ ಮನೆ ಕೊಡಿಸುವುದಾಗಿ ಮುಖಂಡ ಆಬಾಸಾಹೇಬ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ. ಭೂಮಿಪೂಜೆಯೂ ಆಗಿತ್ತು. ಜಾಗ ಅವನ ಬೀಗರದು. ಅಲ್ಲಿ ಕಟ್ಟಿದ ಮನೆ ಮುಳುಗುತ್ತದೆ ಎಂದು ಹವಾಮಾನ ವಿಜ್ಞಾನಿ ಮಯೂರಿ ವರದಿ ಕೊಟ್ಟಿದ್ದಳು. ಆ ವರದಿ ನಿಂತದ್ದು ನನ್ನ ಮಳೆ ಲೆಕ್ಕದ ವಹಿಯ ಮೇಲೆ. ನಮ್ಮ ಹಿತ್ತಲಿನ ಮಳೆಮಾಪಕವನ್ನು ಹನ್ನೊಂದು ವರ್ಷ, ದಿನಾ ಬೆಳಗ್ಗೆ ನೋಡಿ ಬರೆದವಳು ನಾನು. ಒಂದೇ ದಿನಕ್ಕೆ ನೂರು ಮಿಲಿಮೀಟರ್ ದಾಟಿದ ಮಳೆ ಮೊದಲ ಐದು ವರ್ಷದಲ್ಲಿ ಒಮ್ಮೆ, ಆಮೇಲಿನ ಆರು ವರ್ಷದಲ್ಲಿ ಏಳು ಸಲ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹೊತ್ತು ತಂದು ಒಮ್ಮೆಲೇ ಸುರಿಯುತ್ತದೆ ಎಂದು ಮಯೂರಿ ನನಗೆ ಬಿಡಿಸಿ ಹೇಳಿದ್ದಳು.

ಸಭೆಯಲ್ಲಿ ನನ್ನ ಎದುರಿಗೆ ಕೋಮಲ ಕೂತಿದ್ದಳು. ಆರು ವರ್ಷದಿಂದ ತಗಡು ಪತ್ರಾಸಿನ ಶೆಡ್ಡಿನಲ್ಲಿ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿರುವವಳು. ಹೊಸ ಮನೆಗಳ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಆಬಾಸಾಹೇಬ ಎದ್ದು ಮೊಬೈಲ್ ಎತ್ತಿ ಹಿಡಿದ. ನನ್ನ ಮಳೆಮಾಪಕದ ಫೋಟೋ. ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು.

“ಸುಗಂಧಾಬಾಯಿ, ಇದೇನ್ರಿ?”

ನಮ್ಮ ಜೈನರ ಮನೆಯಲ್ಲಿ ಬಟ್ಟೆಯಲ್ಲಿ ಸೋಸದೆ ನೀರು ಕುಡಿಯುವುದಿಲ್ಲ, ನೀರಿನಲ್ಲಿನ ಜೀವ ಸಾಯಬಾರದೆಂದು. ಮೊದಲ ಮಳೆಗಾಲದಲ್ಲೇ ಇರುವೆ, ಹುಳ ಮಾಪಕದೊಳಗೆ ಬಿದ್ದು ಸತ್ತದ್ದು ಕಂಡು ಎರಡು ಪದರು ಬಟ್ಟೆ ಕಟ್ಟಿದ್ದೆ. ಅಳತೆಗೆ ಅದರಿಂದ ಏನಾದೀತು ಎಂದು ಯೋಚಿಸಲೇ ಇಲ್ಲ. ಮಯೂರಿಗೆ ಹೇಳಬೇಕೆಂದೂ ಹೊಳೆಯಲಿಲ್ಲ. ದಡ್ಡಿ ನಾನು!

“ನಿನ್ನೆ ಕಟ್ಟೇನಿ ಅನ್ನು, ನಿನ್ನೆ ಅನ್ನು” ಎಂದು ತವನಪ್ಪ ಹಿಂದಿನಿಂದ ಪಿಸುಗುಟ್ಟುತ್ತಿದ್ದ. ಹಾಗೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ವಹಿಯಲ್ಲಿ ಒಂದೂ ಸುಳ್ಳು ಬರೆದವಳಲ್ಲ ನಾನು.

“ಹನ್ನೊಂದು ವರ್ಷ ಆತ್ರಿ, ಕಟ್ಟಾಕ ಹತ್ತಿ,” ಅಂದೆ.

ಸಭೆಯಲ್ಲಿ ಗುಜುಗುಜು ಎದ್ದಿತು. ಮಯೂರಿ ತಟ್ಟನೆ ನಿಂತಳು. “ಬಟ್ಟಿ ನೀರ ಕುಡಿತೈತ್ರಿ, ನೀರ ಹುಟ್ಟಸಂಗಿಲ್ಲ. ಖರೇ ಮಳಿ ಇವರು ಬರದದ್ದಕ್ಕಿಂತ ಹೆಚ್ಚೇ ಆಗೇತಿ. ಅಪಾಯ ಇನ್ನೂ ದೊಡ್ಡದೈತಿ!”

“ಎಷ್ಟು ಹೆಚ್ಚು? ಹೇಳ್ರಿ ಮತ್ತ,” ಅಂದ ಆಬಾಸಾಹೇಬ.

ಮಯೂರಿ ವರದಿಯ ಹಾಳೆ ಮಡಚಿದಳು. “ಬಟ್ಟಿ ಕಟ್ಟಿ ಒಂದು ಮಾಪಕ, ಕಟ್ಟದ ಒಂದು ಇಟ್ಟು ಅಳೀಬೇಕ್ರಿ. ಒಂದು ಮಳೆಗಾಲ ಬೇಕು. ಈಗ ಹೇಳಾಕ ಬರಂಗಿಲ್ಲ.”

ಆಬಾಸಾಹೇಬ ನಕ್ಕ. “ಗೊತ್ತಿಲ್ಲ ಅಂತ ವಿಜ್ಞಾನಿನೇ ಹೇಳಾಕತ್ತಾರ. ಬರ್ಕೋರಿ ಸಾಹೇಬ್ರ.”

ತಾಲೂಕಿನಿಂದ ಬಂದ ಅಧಿಕಾರಿ ತಲೆ ಎತ್ತದೆ ಬರೆದುಕೊಂಡ. ಅಳತೆ ದೋಷಪೂರಿತ, ವರದಿ ಕೈಬಿಡಲಾಗಿದೆ. ನಾನು ಧಡಕ್ಕನೆ ಎದ್ದೆ.

“ಲೇ ಆಬಾ, ನಿನ್ನ ಬೀಗರ ಹೊಲದಾಗ ಎದಿಮಟ ನೀರ ನಿಂತದ್ದ ನೀನೂ ಕಂಡೀಯಲ್ಲೋ! ನಾಚಿಕಿ ಬರಂಗಿಲ್ಲೇನು ನಿನಗ?”

“ಕುಂಡ್ರಿ ಬಾಯಿ. ಬಡವರ ಮನಿ ತಪ್ಪಸಬ್ಯಾಡ್ರಿ,” ಅಂದ. ಚಪ್ಪಾಳೆ ಬಿತ್ತು. ಹೊಡೆದವರು ಆ ನಲವತ್ತು ಮನೆಯವರೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಮೊದಲು ಕೋಮಲಳನ್ನು ಕರೆದರು. ನಾನು ಅಡ್ಡ ಹೋಗಿ ಅವಳ ಕೈ ಹಿಡಿದೆ. “ಬ್ಯಾಡವಾ ತಂಗಿ. ನನ್ನ ಮ್ಯಾಲೆ ನಂಬಿಕಿ ಇಲ್ಲೇನು?”

“ಐತ್ರಿ ಅಕ್ಕಾ. ನೀವು ಬರದದ್ದು ಖರೇ ಅಂತ ನನಗ ಗೊತ್ತೈತಿ.” ಅವಳು ಅಧಿಕಾರಿಯತ್ತ ತಿರುಗಿದಳು. “ಸಾಹೇಬ್ರ, ಎತ್ತರದಾಗ ಬ್ಯಾರೆ ಜಾಗಾ ಕೊಡ್ತೀರೇನ್ರಿ?”

ಅಧಿಕಾರಿ ಹಾಳೆ ತಿರುವಿದ. ಆಬಾಸಾಹೇಬ ಮೊಬೈಲ್ ನೋಡಿದ. ಮಯೂರಿಯ ಹತ್ತಿರ ವರದಿ ಇತ್ತು, ಮನೆ ಇರಲಿಲ್ಲ.

ಕೋಮಲ ಸಹಿ ಹಾಕಿದಳು. ತಿರುಗಿ ಬರುವಾಗ ನನ್ನ ಹತ್ತಿರ ಬಗ್ಗಿದಳು.

“ಅಕ್ಕಾ, ದೊಡ್ಡ ಮಳಿ ಬರೂದಿತ್ತಂದ್ರ ಮೊದಲ ನನಗ ಫೋನ್ ಮಾಡ್ರಿ. ಹುಡುಗೀರ್ನ ಕರಕೊಂಡು ನಿಮ್ಮ ಮನೀಗೆ ಬರ್ತೇನಿ. ಮಾಡ್ತೀರಲ್ಲ?”

ನಾನು ಅಳೆಯುವುದು ಬಿದ್ದ ಮಳೆಯನ್ನು. ಬೀಳಲಿರುವ ಮಳೆ ನನಗೆಲ್ಲಿ ತಿಳಿಯಬೇಕು?

“ಮಾಡ್ತೇನವಾ,” ಅಂದೆ.